ಒಂದಾಗಬಾರದ ಎರಡು ಸೈಟುಗಳು

ವರ್ಚುವಲ್ ಡೆಸ್ಕ್‌ಟಾಪ್ ಮಾರಲು ಬರುವವರ ಸ್ಲೈಡುಗಳಲ್ಲಿ ಒಂದು ಚಿತ್ರ ತಪ್ಪದೆ ಇರುತ್ತದೆ. ಎಡಕ್ಕೊಂದು ಡೇಟಾ ಸೆಂಟರ್, ಬಲಕ್ಕೊಂದು ಡೇಟಾ ಸೆಂಟರ್, ನಡುವೆ ಎರಡೂ ತುದಿಗೆ ಬಾಣವಿರುವ ಗೆರೆ, ಕೆಳಗೆ ಲ್ಯಾಪ್‌ಟಾಪ್ ಹಿಡಿದು ನಗುತ್ತಿರುವ ಬಳಕೆದಾರ. ಗೆರೆಯ ಮೇಲೆ ‘ಆ್ಯಕ್ಟಿವ್-ಆ್ಯಕ್ಟಿವ್’ ಎಂದು ಬರೆದಿರುತ್ತದೆ. ಎರಡು ಸೈಟುಗಳನ್ನು ಒಂದೇ ಎಂಬಂತೆ ಬೆಸೆಯಿರಿ, ಬಳಕೆದಾರ ಇಂದು ಇಲ್ಲಿಗೆ, ನಾಳೆ ಅಲ್ಲಿಗೆ ಹೋಗಿ ಕೂರುತ್ತಾನೆ, ಅವನಿಗೆ ಗೊತ್ತಾಗುವುದೂ ಇಲ್ಲ, ಒಂದು ಸೈಟ್ ಮುಳುಗಿದರೆ ಇನ್ನೊಂದು ತಾನೇ ಹೊತ್ತುಕೊಳ್ಳುತ್ತದೆ ಎಂಬುದು ಅದರ ತಾತ್ಪರ್ಯ. ಬ್ಯಾಂಕು, ವಿಮೆ, ಬಿಪಿಒಗಳ ಟೆಂಡರುಗಳಲ್ಲಿ ಇದೊಂದು ಷರತ್ತಾಗಿ ಕೂತುಬಿಟ್ಟಿದೆ. ಬೇರೆ ಬಗೆಯ ವಿನ್ಯಾಸ ತಂದವನನ್ನು ಹಳೇ ಕಾಲದವನು ಎಂಬಂತೆ ನೋಡುತ್ತಾರೆ.

ಈ ನಂಬಿಕೆ ಪೊಳ್ಳು ಎಂಬುದು ನನ್ನ ವಾದ. ಎರಡು ಸೈಟ್ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಬೆಸೆದಷ್ಟೂ ಅವು ಎರಡಾಗಿ ಉಳಿಯುವುದಿಲ್ಲ. ದುಡ್ಡು ಎರಡರದ್ದು ಕೊಟ್ಟು, ಅಪಾಯದ ಮಟ್ಟಿಗೆ ಒಂದನ್ನೇ ಕೊಂಡಂತಾಗುತ್ತದೆ.

ಈ ವರ್ಚುವಲ್ ಡೆಸ್ಕ್‌ಟಾಪ್ ವ್ಯವಸ್ಥೆ, ಅಂದರೆ ವಿಡಿಐ, ಏನೆಂದು ಮೊದಲು ಹೇಳಿಬಿಡುತ್ತೇನೆ. ನೌಕರನ ಮೇಜಿನ ಮೇಲಿನ ಯಂತ್ರದಲ್ಲಿ ಹೆಚ್ಚೇನೂ ನಡೆಯುವುದಿಲ್ಲ. ಅವನ ವಿಂಡೋಸ್, ಎಕ್ಸೆಲ್, ಖಾತೆಯ ತಂತ್ರಾಂಶ ಎಲ್ಲವೂ ಡೇಟಾ ಸೆಂಟರಿನ ಸರ್ವರೊಂದರಲ್ಲಿ ವರ್ಚುವಲ್ ಮಶೀನ್ ಆಗಿ ಓಡುತ್ತಿರುತ್ತವೆ. ಅವನಿಗೆ ಬರುವುದು ಪರದೆಯ ಚಿತ್ರ. ಅವನಿಂದ ಹೋಗುವುದು ಕೀಲಿಮಣೆಯ ಒತ್ತು, ಮೌಸಿನ ಚಲನೆ. ಚಿತ್ರ ಕಳಿಸುವ ಈ ಕಲೆ ಹಳೆಯದು. 1989ರಲ್ಲಿ ಹುಟ್ಟಿದ ಸಿಟ್ರಿಕ್ಸ್ ಕಂಪನಿ ತನ್ನ ಐಸಿಎ ಪ್ರೋಟೊಕಾಲನ್ನು ರೂಪಿಸಿದ್ದು ಮೋಡೆಮ್ ಕಾಲದ ಸಣಕಲು ಲೈನುಗಳಿಗಾಗಿ. ಆದ್ದರಿಂದ ಪರದೆ ಮತ್ತು ಡೆಸ್ಕ್‌ಟಾಪ್ ನಡುವೆ ನೂರು ಮಿಲಿಸೆಕೆಂಡ್ ತಡವಿದ್ದರೂ ಗುಮಾಸ್ತನ ಕೆಲಸ ಸಾಗುತ್ತದೆ. ಆ್ಯಕ್ಟಿವ್-ಆ್ಯಕ್ಟಿವ್ ವಾದದ ಜೀವ ಇರುವುದು ಇಲ್ಲಿ. ಚಿತ್ರ ಎಲ್ಲಿಂದ ಬಂದರೇನು, ಬಂದರಾಯಿತಲ್ಲ ಎಂದು ಅವರು ಕೇಳುತ್ತಾರೆ.

ಡೆಸ್ಕ್‌ಟಾಪಿನ ಮುಂದೆ ಇರುವ ದಾರಿಯನ್ನು ಅವರು ಲೆಕ್ಕಕ್ಕೆ ಹಿಡಿದಿದ್ದಾರೆ, ಹಿಂದಿನ ದಾರಿಯನ್ನು ಮರೆತಿದ್ದಾರೆ. ಡೆಸ್ಕ್‌ಟಾಪ್ ತಾನೇ ಕೆಲಸ ಮಾಡುವುದಿಲ್ಲ. ಅದು ಡೇಟಾಬೇಸನ್ನು ಕೇಳುತ್ತದೆ, ಫೈಲ್ ಶೇರನ್ನು ಕೇಳುತ್ತದೆ, ಡೊಮೇನ್ ಕಂಟ್ರೋಲರನ್ನು ಕೇಳುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ನೂರು ಕಿಲೋಮೀಟರ್ ದೂರಕ್ಕೆ ಹೋಗಿ ಬರಲು ಒಂದು ಮಿಲಿಸೆಕೆಂಡ್. ಬೆಂಗಳೂರಿನಿಂದ ಮುಂಬೈಗೆ ಹಕ್ಕಿ ಹಾರುವ ದೂರವೇ 840 ಕಿಲೋಮೀಟರ್ ಆಸುಪಾಸು. ಅಂದಮೇಲೆ ಎಂಟು ಮಿಲಿಸೆಕೆಂಡಿಗಿಂತ ಕಡಿಮೆ ಯಾವ ಕಂಪನಿಯೂ ಕೊಡಲಾರದು. ಕೇಬಲ್ ಹಕ್ಕಿಯಂತೆ ಹೋಗುವುದಿಲ್ಲ, ಹೆದ್ದಾರಿ ಮತ್ತು ರೈಲು ಹಳಿಗಳ ಬದಿ ಸುತ್ತಿಕೊಂಡು ಹೋಗುತ್ತದೆ. ರೌಟರುಗಳನ್ನೂ ಸೇರಿಸಿ 20 ಮಿಲಿಸೆಕೆಂಡ್ ಎಂದು ಹಿಡಿಯೋಣ. ಕೇಳಲು ಏನೂ ಅಲ್ಲ. ಆದರೆ ನಮ್ಮ ಕಚೇರಿಗಳ ಹಳೆಯ ಖಾತೆ ತಂತ್ರಾಂಶಗಳು ಒಂದು ಪರದೆ ತೆರೆಯಲು ಒಂದಾದ ಮೇಲೊಂದು ನೂರಾರು ಪ್ರಶ್ನೆಗಳನ್ನು ಡೇಟಾಬೇಸಿಗೆ ಕಳಿಸುತ್ತವೆ. ಹಿಂದಿನದರ ಉತ್ತರ ಬರದೆ ಮುಂದಿನದನ್ನು ಕೇಳುವುದಿಲ್ಲ. ಸಾವಿರ ಪ್ರಶ್ನೆ ಇದ್ದರೆ 20 ಸೆಕೆಂಡ್ ಬರೀ ಪ್ರಯಾಣಕ್ಕೆ ಹೋಯಿತು. ಡೇಟಾಬೇಸ್ ಪಕ್ಕದ ರ‍್ಯಾಕಿನಲ್ಲೇ ಇದ್ದಾಗ ಇದೇ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತಿತ್ತು.

ಆಮೇಲಿನ ಕಥೆ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಬೆಳಗ್ಗೆ ಲೋಡ್ ಬ್ಯಾಲೆನ್ಸರ್ ಒಬ್ಬನನ್ನು ‘ಖಾಲಿ ಇರುವ’ ದೂರದ ಸೈಟಿಗೆ ತಳ್ಳಿತು. ಅವನು ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿ ‘ಸಿಸ್ಟಮ್ ಸ್ಲೋ ಇದೆ ಸಾರ್’ ಎನ್ನುತ್ತಾನೆ. ಅಡ್ಮಿನ್ ಡ್ಯಾಶ್‌ಬೋರ್ಡ್ ನೋಡುತ್ತಾನೆ. ಸಿಪಿಯು ಹಸಿರು, ಮೆಮೊರಿ ಹಸಿರು, ಪ್ರೋಟೊಕಾಲ್ ಲೇಟೆನ್ಸಿಯೂ ಹಸಿರು. ಟಿಕೆಟ್ ಮುಚ್ಚುತ್ತಾನೆ. ಮರುದಿನ ಅದೇ ಬಳಕೆದಾರ ಹತ್ತಿರದ ಸೈಟಿಗೆ ಬೀಳುತ್ತಾನೆ, ಎಲ್ಲ ಸರಿಯಾಗಿರುತ್ತದೆ, ‘ಯೂಸರ್ ಸೈಡ್ ಇಶ್ಯೂ’ ಎಂದು ಷರಾ ಬೀಳುತ್ತದೆ. ಎರಡು ಸೈಟುಗಳನ್ನು ಒಂದೇ ಕೊಳವಾಗಿ ಕಲಸಿದ್ದರಿಂದ ದೂರಿಗೆ ವಿಳಾಸವೇ ಇಲ್ಲದಂತಾಯಿತು.

ಇದು ಬರೀ ನಿಧಾನದ ಮಾತು. ಪ್ರೊಫೈಲ್ ವಿಷಯಕ್ಕೆ ಬಂದರೆ ಮಾತು ನಷ್ಟದ್ದಾಗುತ್ತದೆ. ಬಹಳಷ್ಟು ಕಡೆ ವಿಡಿಐ ಡೆಸ್ಕ್‌ಟಾಪ್ ದಿನದ ಕೊನೆಗೆ ಅಳಿಸಿಹೋಗುತ್ತದೆ. ಬಳಕೆದಾರನ ಪಾಲಿನದು ಎಂದು ಉಳಿಯುವುದು ಅವನ ಪ್ರೊಫೈಲ್ ಮಾತ್ರ: ಔಟ್‌ಲುಕ್ ಸಂಗ್ರಹ, ಬ್ರೌಸರಿನ ಬುಕ್‌ಮಾರ್ಕ್, ಸೆಟ್ಟಿಂಗುಗಳು, ಡೆಸ್ಕ್‌ಟಾಪ್ ಮೇಲೆ ಬಿಟ್ಟ ಅರ್ಧ ಮುಗಿದ ಎಕ್ಸೆಲ್ ಹಾಳೆ. ಮೈಕ್ರೋಸಾಫ್ಟ್ 2018ರಲ್ಲಿ ಕೊಂಡುಕೊಂಡ ಎಫ್‌ಎಸ್‌ಲಾಜಿಕ್ಸ್ ಇದನ್ನೆಲ್ಲ ಒಂದೇ ವರ್ಚುವಲ್ ಡಿಸ್ಕ್ ಫೈಲಿನಲ್ಲಿ ಕಟ್ಟಿಡುತ್ತದೆ. ಆ ಫೈಲಿಗೆ ಬರೆಯುವ ಹಕ್ಕು ಒಂದು ಸಮಯಕ್ಕೆ ಒಂದೇ ಕಡೆ. ಬಳಕೆದಾರ ದಿನವಿಡೀ ಲಾಗಿನ್ ಆಗಿದ್ದರೆ ಅದು ದಿನವಿಡೀ ತೆರೆದೇ ಇರುತ್ತದೆ. ವಿಂಡೋಸಿನ ಡಿಎಫ್‌ಎಸ್ ರೆಪ್ಲಿಕೇಶನ್ ತೆರೆದ ಫೈಲನ್ನು ಆಚೆ ಸೈಟಿಗೆ ಒಯ್ಯುವುದೇ ಇಲ್ಲ, ಮುಚ್ಚುವವರೆಗೆ ಕಾಯುತ್ತದೆ. ಅಂದರೆ ಮಧ್ಯಾಹ್ನ ಮೂರಕ್ಕೆ ಮೊದಲ ಸೈಟ್ ಸತ್ತರೆ ಎರಡನೆಯದರಲ್ಲಿ ಅವನಿಗೆ ಸಿಗುವುದು ನಿನ್ನೆ ಸಂಜೆಯ ಪ್ರೊಫೈಲ್. ಎರಡೂ ಸೈಟುಗಳಿಂದ ಒಟ್ಟೊಟ್ಟಿಗೆ ಬರೆಯುವಂತೆ ಪ್ರೊಫೈಲ್ ಶೇರನ್ನು ಹೀಗೆ ನಕಲಿಸಿದರೆ ತಾನು ಬೆಂಬಲ ಕೊಡುವುದಿಲ್ಲ ಎಂದು ಮೈಕ್ರೋಸಾಫ್ಟೇ ಬಹಳ ಹಿಂದೆ ಬರೆದಿಟ್ಟಿದೆ. ಎಫ್‌ಎಸ್‌ಲಾಜಿಕ್ಸಿನ ಕ್ಲೌಡ್ ಕ್ಯಾಶ್ ಎರಡು ಕಡೆಗೂ ಬರೆಯುತ್ತದೆ, ನಿಜ. ಮೊದಲು ಸ್ಥಳೀಯ ಡಿಸ್ಕಿಗೆ ಬರೆದು ಆಮೇಲೆ ಹಂಚುತ್ತದೆ. ಸಾಲ ಸರ್ವರಿನ ಡಿಸ್ಕಿನ ಮೇಲೆ, ಬಡ್ಡಿ ಸಂಜೆ ಲಾಗ್‌ಆಫ್ ಹೊತ್ತಿಗೆ.

ಹಾಗಿದ್ದರೆ ಸ್ಟೋರೇಜನ್ನೇ ಎರಡು ಸೈಟುಗಳ ಮೇಲೆ ಹಾಸಿಬಿಡೋಣ, ಪ್ರತಿ ಬರಹವೂ ಎರಡೂ ಕಡೆ ಬಿದ್ದ ಮೇಲೆಯೇ ‘ಆಯಿತು’ ಎನ್ನಲಿ ಎನ್ನುವವರಿದ್ದಾರೆ. ವಿಎಂವೇರ್‌ನ ವಿಸ್ಯಾನ್ ಸ್ಟ್ರೆಚ್ಡ್ ಕ್ಲಸ್ಟರಿಗೆ ಎರಡು ಡೇಟಾ ಸೈಟುಗಳ ನಡುವಿನ ಹೋಗಿಬರುವ ಸಮಯ 5 ಮಿಲಿಸೆಕೆಂಡ್ ಮೀರಬಾರದು ಎಂಬ ಮಿತಿ ಇದೆ. ಈ ಮಿತಿಯೊಳಗೆ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿ ನಿರಾಯಾಸವಾಗಿ ಬರುತ್ತವೆ, ಬೆಂಗಳೂರು-ಮುಂಬೈ ಬರುವುದಿಲ್ಲ. ಡಿಆರ್ ಸೈಟ್, ಅಂದರೆ ವಿಪತ್ತಿನಲ್ಲಿ ಕೆಲಸ ಹೊರುವ ಸೈಟ್, ಬೇರೆ ಭೂಕಂಪ ವಲಯದಲ್ಲಿರಲಿ ಎಂದು ಆಡಿಟರ್ ಕೇಳುತ್ತಾನೆ. 2016ರ ಐಎಸ್ 1893 ಸಂಹಿತೆಯ ನಕ್ಷೆಯಲ್ಲಿ ಬೆಂಗಳೂರು ಎರಡನೇ ವಲಯ, ಮುಂಬೈ ಮತ್ತು ಚೆನ್ನೈ ಮೂರನೇ ವಲಯ. ತತ್‌ಕ್ಷಣದ ನಕಲು ಬೇಕೆಂದರೆ ಸೈಟುಗಳು ಹತ್ತಿರವಿರಬೇಕು, ಒಂದೇ ಮಳೆಗೆ ಎರಡೂ ನೆನೆಯಬೇಕು. ದೂರವಿಟ್ಟರೆ ನಕಲು ಹಿಂದೆ ಬೀಳುತ್ತದೆ. ಈ ಇಕ್ಕಟ್ಟಿಗೆ ಯಾವ ಲೈಸೆನ್ಸೂ ಮದ್ದಲ್ಲ. ‘ಎಂಟರ್‌ಪ್ರೈಸ್ ಪ್ಲಸ್’ ಕೊಂಡರೂ ಬೆಳಕು ಜೋರಾಗಿ ಓಡುವುದಿಲ್ಲ.

ಮಾರುವವರ ಸ್ಲೈಡು ಒಂದು ಹೇಳಿದರೆ, ಅವರದೇ ಎಂಜಿನಿಯರುಗಳು ಕಟ್ಟಿದ ಸರಕು ಇನ್ನೊಂದನ್ನು ಹೇಳುತ್ತದೆ. 2014ರಲ್ಲಿ ವಿಎಂವೇರ್‌ನ ವಿಡಿಐ ತಂತ್ರಾಂಶ ಹೊರೈಜನ್ 6 ಜೊತೆ ಬಂದ ಕ್ಲೌಡ್ ಪಾಡ್ ಆರ್ಕಿಟೆಕ್ಚರ್ ಒಂದೇ ಪಾಡನ್ನು, ಅಂದರೆ ಒಂದು ಸರ್ವರ್ ಗುಂಪನ್ನು, ಎರಡು ಊರುಗಳಿಗೆ ಹಿಗ್ಗಿಸಲಿಲ್ಲ. ಒಂದೊಂದು ಸೈಟಿನ ಪಾಡೂ ತನ್ನ ಕನೆಕ್ಷನ್ ಸರ್ವರುಗಳೊಂದಿಗೆ ಬೇರೆಯಾಗಿಯೇ ಉಳಿಯಿತು. ಯಾರಿಗೆ ಯಾವ ಡೆಸ್ಕ್‌ಟಾಪಿನ ಹಕ್ಕಿದೆ ಎಂಬ ತೆಳುವಾದ ಮಾಹಿತಿ ಮಾತ್ರ ಪಾಡುಗಳ ನಡುವೆ ಹಂಚಿಕೆಯಾಯಿತು. ಜೊತೆಗೆ ಹೋಮ್ ಸೈಟ್ ಎಂಬ ಸೌಲಭ್ಯ ಕೊಟ್ಟರು: ಈ ಬಳಕೆದಾರನ ಮನೆ ಇದು, ಎಲ್ಲಿಂದ ಬಂದರೂ ಮೊದಲು ಇಲ್ಲಿಗೇ ಕರೆತಾ. ಕಟ್ಟಿದವರಿಗೆ ವಿಷಯ ಗೊತ್ತಿತ್ತು. ಹೋಮ್ ಸೈಟ್ ಕಾಲಂ ಖಾಲಿ ಬಿಟ್ಟು, ಯಾವ ಸೈಟಿನಲ್ಲಿ ಜಾಗವಿದೆಯೋ ಅಲ್ಲಿಗೆ ಕಳಿಸು ಎಂದು ಹೊಂದಿಸಿದವರು ನಾವು.

ಸಿಟ್ರಿಕ್ಸಿನ ಪಾಠ ಇನ್ನೂ ಕಹಿಯಾದದ್ದು. ಅದರ ಹಳೆಯ ಝೆನ್‌ಆ್ಯಪ್‌ನಲ್ಲಿ ಲೋಕಲ್ ಹೋಸ್ಟ್ ಕ್ಯಾಶ್ ಇತ್ತು. ಕೇಂದ್ರದ ಡೇಟಾಬೇಸ್ ಸಿಗದಿದ್ದರೂ ಸರ್ವರ್ ತನ್ನ ಬಳಿಯ ಪ್ರತಿಯಿಂದ ಜನರನ್ನು ಒಳಗೆ ಬಿಡುತ್ತಿತ್ತು. 2013ರ ಹೊಸ ವಿನ್ಯಾಸದಲ್ಲಿ ಅದೂ, ಸೈಟುಗಳನ್ನು ಬೇರೆಯಾಗಿಸುವ ಝೋನುಗಳೂ ಮಾಯವಾದವು, ಎಲ್ಲವೂ ಒಂದು ಎಸ್‌ಕ್ಯುಎಲ್ ಡೇಟಾಬೇಸಿಗೆ ಜೋತುಬಿತ್ತು. 2015ರ ಕೊನೆಗೆ 7.7ರಲ್ಲಿ ಝೋನುಗಳು ಮರಳಿದವು, 2016ರ ಕೊನೆಗೆ 7.12ರಲ್ಲಿ ಲೋಕಲ್ ಹೋಸ್ಟ್ ಕ್ಯಾಶ್ ಮರಳಿತು. ಬೆಸೆಯಲು ಹೋದವರೇ ಮೂರು ವರ್ಷದಲ್ಲಿ ಬಿಚ್ಚಲು ಕಲಿತರು, ಪ್ರತಿ ಝೋನೂ ಒಂಟಿಯಾಗಿ ಉಸಿರಾಡಲಿ ಎಂದು. ಟೆಂಡರ್ ಬರೆಯುವವರಿಗೆ ಮಾತ್ರ ಆ ಸುದ್ದಿ ತಲುಪಿಲ್ಲ.

ಬೆಸುಗೆಯ ಅಪಾಯ ಕಾಣಬೇಕಿದ್ದರೆ ವಿಡಿಐನಿಂದ ಸ್ವಲ್ಪ ಆಚೆಗೆ, ಮುಂಬೈಗೆ ಹೋಗೋಣ. 2021ರ ಫೆಬ್ರವರಿ 24ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಬೆಳಗ್ಗೆ 11.40ಕ್ಕೆ ವಹಿವಾಟು ನಿಂತಿತು, ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ. ಎರಡು ಸೈಟುಗಳ ನಡುವೆ ಇಬ್ಬರು ಬೇರೆ ಬೇರೆ ಸೇವಾದಾರರ ಲಿಂಕುಗಳಿದ್ದವು, ಅವೇ ಹದಗೆಟ್ಟವು. ವಿನಿಮಯ ಕೇಂದ್ರವೇ ಆಮೇಲೆ ಕೊಟ್ಟ ವಿವರಣೆಯ ಪ್ರಕಾರ, ಲಿಂಕುಗಳು ತತ್ತರಿಸಿದಾಗ ಸ್ಟೋರೇಜ್ ವ್ಯವಸ್ಥೆ ನಿರೀಕ್ಷಿಸದ ರೀತಿಯಲ್ಲಿ ವರ್ತಿಸಿ, ಮುಖ್ಯ ಸೈಟಿನ ಸರ್ವರುಗಳಿಗೆ ತಮ್ಮದೇ ಸ್ಟೋರೇಜ್ ಸಿಗದಂತಾಯಿತು. ಇದನ್ನು ನಿಧಾನವಾಗಿ ಓದಬೇಕು. ಮುಖ್ಯ ಸೈಟಿಗೆ ಬೆಂಕಿ ಬಿದ್ದಿರಲಿಲ್ಲ, ನೀರು ನುಗ್ಗಿರಲಿಲ್ಲ, ಕರೆಂಟ್ ಇತ್ತು. ಅದನ್ನು ಬೀಳಿಸಿದ್ದು ಎರಡನೆಯ ಸೈಟಿನ ಜೊತೆಗಿನ ನಂಟು. ಜೋಡೆತ್ತಿನಲ್ಲಿ ಒಂದು ಕಾಲು ಜಾರಿದರೆ ನೊಗ ಇನ್ನೊಂದರ ಕತ್ತನ್ನೂ ಎಳೆಯುತ್ತದೆ.

ಅದೇ ವರ್ಷದ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಲೋಕದಿಂದ ಮಾಯವಾದದ್ದೂ ಇಂಥದ್ದೇ. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಅದರ ಡೇಟಾ ಸೆಂಟರುಗಳನ್ನು ಪರಸ್ಪರ ಜೋಡಿಸುವ ಬೆನ್ನೆಲುಬು ಜಾಲವನ್ನೇ ಕಳಚಿತು. ಅವರಿಗೆ ಎರಡಲ್ಲ, ಹಲವು ಸೈಟುಗಳಿದ್ದವು.

ಬೆಸುಗೆ ಕೇಬಲ್ಲಿನಲ್ಲೇ ಇರಬೇಕೆಂದಿಲ್ಲ, ಅಪ್‌ಡೇಟಿನಲ್ಲೂ ಇರುತ್ತದೆ. 2024ರ ಜುಲೈ 19ರ ಬೆಳಗ್ಗೆ ಭಾರತೀಯ ಕಾಲಮಾನ 9.39ಕ್ಕೆ ಭದ್ರತಾ ತಂತ್ರಾಂಶ ಮಾರುವ ಕ್ರೌಡ್‌ಸ್ಟ್ರೈಕ್ ಕಂಪನಿ ಒಂದು ಫೈಲ್ ಹೊರಬಿಟ್ಟಿತು, 10.57ಕ್ಕೆ ಹಿಂತೆಗೆದುಕೊಂಡಿತು. ಒಂದೂಕಾಲು ಗಂಟೆಯ ಆ ಅವಧಿಯಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಆ ತಂತ್ರಾಂಶ ಕೂತಿದ್ದ ಆ್ಯಕ್ಟಿವ್-ಆ್ಯಕ್ಟಿವ್ ವಿಡಿಐಗಳಲ್ಲಿ ಎರಡು ಸೈಟಿದ್ದು ಏನು ಬಂತು? ಎರಡೂ ಕಡೆ ಡೆಸ್ಕ್‌ಟಾಪುಗಳ ಅಚ್ಚಾದ ಒಂದೇ ಗೋಲ್ಡನ್ ಇಮೇಜ್, ಒಂದೇ ಭದ್ರತಾ ಏಜೆಂಟ್, ಒಂದೇ ಅಪ್‌ಡೇಟ್, ಒಂದೇ ನಿಮಿಷ. ಬೆಂಗಳೂರಿನಲ್ಲಿ ಕೂತು ನ್ಯೂಜೆರ್ಸಿ, ಲಂಡನ್, ಸಿಂಗಪುರದ ಸೈಟುಗಳನ್ನು ನೋಡಿಕೊಳ್ಳುವ ನಮ್ಮ ಹುಡುಗ ಹುಡುಗಿಯರು ಆ ದಿನ ಬ್ರಿಡ್ಜ್ ಕಾಲಿನಲ್ಲಿ ಎಷ್ಟು ಹೊತ್ತು ಕಳೆದರು ಎಂಬುದನ್ನು ಯಾವ ವೈಟ್‌ಪೇಪರೂ ಬರೆಯಲಿಲ್ಲ.

ಇಲ್ಲಿಗೆ ಬಂದಾಗ ನನ್ನ ಎದುರಾಳಿಗಳು ‘ಡ್ರಿಫ್ಟ್’ ಎಂಬ ಗುಮ್ಮನನ್ನು ತೋರಿಸುತ್ತಾರೆ. ಎರಡು ಸೈಟುಗಳಲ್ಲಿ ಬೇರೆ ಬೇರೆ ಇಮೇಜ್ ಇದ್ದರೆ ಅನಾಹುತ, ಒಂದೇ ಕನ್ಸೋಲಿನಿಂದ ಒಂದೇ ಗುಂಡಿ ಒತ್ತಿ ಎರಡಕ್ಕೂ ತಳ್ಳಬೇಕು ಎಂದು. ಗೊತ್ತಿಲ್ಲದೆ ಆದ ವ್ಯತ್ಯಾಸ ಅನಾಹುತವೇ. ಗೊತ್ತಿದ್ದೇ ಇಟ್ಟ ಒಂದು ವಾರದ ವ್ಯತ್ಯಾಸ ವಿಮೆ. ಈ ಮಂಗಳವಾರ ಒಂದು ಸೈಟಿಗೆ ಹೊಸ ಇಮೇಜ್, ಮುಂದಿನ ಮಂಗಳವಾರ ಇನ್ನೊಂದಕ್ಕೆ; ನಡುವೆ ಏಳು ದಿನ ಯಾವುದೋ ಒಂದು ಸೈಟ್ ಹಳೆಯದಾಗಿ, ಆರೋಗ್ಯವಾಗಿ ಇರುತ್ತದೆ. ಏಜೆಂಟಿನ ಅಪ್‌ಡೇಟಿಗೂ ಇದೇ ನಿಯಮ. ಸೈಟ್ ಪ್ರಕಾರ ಹಿಂದುಮುಂದು ಮಾಡಲು ಬಿಡದ ಏಜೆಂಟನ್ನು ಖರೀದಿಸುವ ಮೊದಲೇ ಎರಡು ಸಲ ಯೋಚಿಸಬೇಕು. ‘ಒಂದೇ ಕನ್ಸೋಲ್’ ನೋಡುವುದಕ್ಕೆ ಚೆನ್ನ. ಬದಲಿಸುವುದಕ್ಕೂ ಅದೇ ಆಗಿಬಿಟ್ಟರೆ, ರಾತ್ರಿ ಪಾಳಿಯಲ್ಲಿ ಕಣ್ಣೆಳೆಯುತ್ತಿರುವ ಒಬ್ಬ ಅಡ್ಮಿನ್‌ನ ಒಂದು ತಪ್ಪು ಕ್ಲಿಕ್ಕಿಗೆ ಎರಡು ನಗರಗಳು ಸಿಗುತ್ತವೆ.

ಸಾಮರ್ಥ್ಯದ ಲೆಕ್ಕವನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ಮೂರನೇ ಕ್ಲಾಸಿನ ಗಣಿತ. ಒಂದು ಸೈಟ್ ಹೋದಾಗ ಇನ್ನೊಂದು ಎಲ್ಲರನ್ನೂ ಹೊರಬೇಕಿದ್ದರೆ ಎರಡೂ ಸದಾ ಅರ್ಧ ಖಾಲಿ ಇರಬೇಕು. ಆದರೆ ಆ್ಯಕ್ಟಿವ್-ಆ್ಯಕ್ಟಿವನ್ನು ಹಣಕಾಸು ವಿಭಾಗಕ್ಕೆ ಮಾರಿದ್ದೇ ‘ಡಿಆರ್ ಹಾರ್ಡ್‌ವೇರ್ ಸುಮ್ಮನೆ ಬಿದ್ದಿರುವುದಿಲ್ಲ, ಬಳಕೆಯಾಗುತ್ತದೆ’ ಎಂದು. ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡು ಕೋರಿನ ಲೆಕ್ಕದಲ್ಲಿ ಚಂದಾ ಕೇಳಲು ಶುರುಮಾಡಿದ ಮೇಲೆ ಖಾಲಿ ಕೋರ್ ಕಂಡರೆ ಹಣಕಾಸಿನವರಿಗೆ ಹೊಟ್ಟೆಯುರಿ. ಹಾಗಾಗಿ ಸೈಟುಗಳು ಶೇ 70ಕ್ಕೆ ತುಂಬುತ್ತವೆ. 70ಕ್ಕೆ 70 ಕೂಡಿದರೆ 140. ನೂರರ ಸೈಟಿನಲ್ಲಿ ನಲವತ್ತು ಜನ ಬಾಗಿಲ ಹೊರಗೆ, ಒಳಗಿರುವ ನೂರು ಜನ ಲಾಗಿನ್ ನೂಕುನುಗ್ಗಲಿನಲ್ಲಿ. ಬೀಳದೆ ಉಳಿದ ಸೈಟನ್ನೂ ಬೀಳಿಸುವ ದಾರಿ ಇದು.

ಎದುರಾಳಿಯ ಅತ್ಯಂತ ಗಟ್ಟಿ ವಾದವನ್ನು ನಾನು ತಪ್ಪಿಸಿಕೊಳ್ಳುವುದಿಲ್ಲ. ಬಳಸದೆ ಬಿಟ್ಟ ಡಿಆರ್ ಸೈಟ್ ಕೊಳೆಯುತ್ತದೆ ಎಂಬುದು ಅವರ ಮಾತು, ಅದು ಸತ್ಯ. ತಿಂಗಳುಗಟ್ಟಲೆ ಯಾರೂ ಕಾಲಿಡದ ಸೈಟಿನಲ್ಲಿ ಸರ್ಟಿಫಿಕೇಟ್ ಅವಧಿ ಮುಗಿದಿರುತ್ತದೆ, ಫೈರ್‌ವಾಲಿನಲ್ಲಿ ಹೊಸ ಅಪ್ಲಿಕೇಶನ್ನಿಗೆ ದಾರಿ ತೆರೆದಿರುವುದಿಲ್ಲ, ಇಮೇಜ್ ಹಳಸಿರುತ್ತದೆ. ಒಂದೇ ಕಡೆ ಎಲ್ಲವನ್ನೂ ಇಟ್ಟರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರಿನ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್, 858 ಟೆರಾಬೈಟ್, ಬ್ಯಾಕಪ್ ಇಲ್ಲದೆ ಸುಟ್ಟುಹೋಯಿತು. ಅಲ್ಲಿ ಎರಡನೆಯ ಪ್ರತಿಯೇ ಇರಲಿಲ್ಲ.

ಆದರೆ ಕೊಳೆಯುವ ಡಿಆರ್‌ಗೆ ಮದ್ದು ಬೆಸುಗೆಯಲ್ಲ. ಬಳಕೆದಾರರನ್ನು ಎರಡು ಸೈಟುಗಳಿಗೆ ಹಂಚಿ, ಪ್ರತಿಯೊಬ್ಬನಿಗೂ ಒಂದು ಖಾಯಂ ಮನೆ ಕೊಡಿ. ಹುಬ್ಬಳ್ಳಿ, ಬೆಳಗಾವಿಯ ಶಾಖೆಗಳ ಅಪ್ಲಿಕೇಶನ್ ಮುಂಬೈಯಲ್ಲಿದ್ದರೆ ಅವರ ಡೆಸ್ಕ್‌ಟಾಪೂ ಮುಂಬೈಯಲ್ಲಿರಲಿ. ಮೈಸೂರಿನವರದು ಬೆಂಗಳೂರಿನಲ್ಲಿದ್ದರೆ ಅಲ್ಲೇ ಇರಲಿ. ಎರಡೂ ಸೈಟ್ ದಿನವೂ ಬೆವರುತ್ತವೆ, ಯಾವುದೂ ಕೊಳೆಯುವುದಿಲ್ಲ. ಪ್ರೊಫೈಲ್ ಒಂದೇ ದಿಕ್ಕಿಗೆ, ಮನೆಯಿಂದ ಆಚೆಗೆ, ನಕಲಾಗಲಿ. ಮನೆ ಬದಲಿಸುವುದು ಸ್ಕ್ರಿಪ್ಟ್ ತನ್ನಷ್ಟಕ್ಕೆ ಮಾಡುವ ಕೆಲಸವಾಗದಿರಲಿ. ಹೆಸರು ಮತ್ತು ಫೋನ್ ನಂಬರ್ ಇರುವ ಒಬ್ಬ ಮನುಷ್ಯ ‘ಸರಿ’ ಎಂದ ಮೇಲೆಯೇ ಸ್ಕ್ರಿಪ್ಟ್ ಓಡಲಿ. ಲಿಂಕ್ ಎರಡು ನಿಮಿಷ ಕಣ್ಣು ಮುಚ್ಚಿ ತೆರೆದರೆ ತಾನಾಗಿ ಓಡುವ ಯಂತ್ರ ಅದನ್ನು ಸಾವು ಎಂದು ಬಗೆದು, ಮೊದಲ ಸೈಟ್ ಬದುಕಿರುವಾಗಲೇ ಎರಡನೆಯದರಲ್ಲಿ ಅದೇ ಬಳಕೆದಾರನಿಗೆ ಇನ್ನೊಂದು ಡೆಸ್ಕ್‌ಟಾಪ್ ತೆರೆದುಕೊಡುತ್ತದೆ. ಆಗ ಒಬ್ಬನಿಗೆ ಎರಡು ಪ್ರೊಫೈಲ್, ಎರಡರಲ್ಲೂ ಅರ್ಧರ್ಧ ಕೆಲಸ. ಯಾವುದು ಅಸಲಿ ಎಂದು ಮರುದಿನ ಅವನನ್ನೇ ಕೇಳಬೇಕು.

ಮನುಷ್ಯ ನಿಧಾನ, ಯಂತ್ರ ಚುರುಕು ಎನ್ನುತ್ತಾರೆ. ಷೇರುಪೇಟೆಯ ಆ ಫೆಬ್ರವರಿಯ ಬಳಿಕ ಸೆಬಿ ಮಾಡಿದ ನಿಯಮವನ್ನು ನೋಡಿ: ಅಡಚಣೆಯಾದ ಅರ್ಧ ಗಂಟೆಯೊಳಗೆ ವಿಪತ್ತು ಎಂದು ಘೋಷಿಸಬೇಕು, ಘೋಷಿಸಿದ 45 ನಿಮಿಷದೊಳಗೆ ಡಿಆರ್‌ನಿಂದ ಕೆಲಸ ನಡೆಯಬೇಕು. ಘೋಷಿಸುವುದು ಮನುಷ್ಯನ ಕೆಲಸವಾಗಿಯೇ ಉಳಿಯಿತು, ಅದಕ್ಕೆ ಗಡಿಯಾರ ಕಟ್ಟಿದರು, ಅಷ್ಟೆ. 2024ರ ಮಾರ್ಚ್ 2 ಮತ್ತು ಮೇ 18ರ ಶನಿವಾರಗಳಂದು ವಿನಿಮಯ ಕೇಂದ್ರಗಳು ನಿಜವಾದ ವಹಿವಾಟನ್ನೇ ಡಿಆರ್ ಸೈಟಿನಿಂದ ನಡೆಸಿ ತೋರಿಸಿದವು. ರಿಸರ್ವ್ ಬ್ಯಾಂಕಿನ 2023ರ ಐಟಿ ಆಡಳಿತ ನಿರ್ದೇಶನವೂ ಬ್ಯಾಂಕುಗಳಿಗೆ ಇದನ್ನೇ ಹೇಳುತ್ತದೆ: ಮುಖ್ಯ ವ್ಯವಸ್ಥೆಗಳ ಡ್ರಿಲ್ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು, ಕನಿಷ್ಠ ಒಂದು ಇಡೀ ಕೆಲಸದ ದಿನ, ದಿನದ ಆರಂಭದಿಂದ ಮುಕ್ತಾಯದವರೆಗೆ, ಡಿಆರ್ ಸೈಟೇ ಮುಖ್ಯ ಸೈಟಾಗಿ ನಡೆಯಬೇಕು.

ಈ ಮಾತಿನ ಅಕ್ಷರ ಪಾಲಿಸಿ ಆತ್ಮ ತಪ್ಪಿಸುವ ಕಲೆ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ಕೋರ್ ಬ್ಯಾಂಕಿಂಗ್ ಡೇಟಾಬೇಸನ್ನು ಡಿಆರ್‌ಗೆ ತಿರುಗಿಸುತ್ತಾರೆ, ಅದನ್ನು ಬಳಸುವ ಗುಮಾಸ್ತರ ಡೆಸ್ಕ್‌ಟಾಪ್ ಮಾತ್ರ ಹಳೆಯ ಸೈಟಿನಲ್ಲೇ ಕೂತಿರುತ್ತದೆ. ಅಥವಾ ಭಾನುವಾರ ರಾತ್ರಿ ಎರಡಕ್ಕೆ ಹತ್ತು ಟೆಸ್ಟ್ ಅಕೌಂಟುಗಳಿಂದ ಲಾಗಿನ್ ಆಗಿ, ಸ್ಕ್ರೀನ್‌ಶಾಟ್ ತೆಗೆದು, ವರದಿ ಕಟ್ಟುತ್ತಾರೆ. ಹತ್ತು ಲಾಗಿನ್‌ಗೆ ಸ್ಟೋರೇಜ್ ಮೈ ಕೊಡವುವುದೂ ಇಲ್ಲ. ಸೋಮವಾರ ಬೆಳಗ್ಗೆ 9.30ರಿಂದ 10ರೊಳಗೆ ಮೂರು ಸಾವಿರ ಜನ ಒಟ್ಟಿಗೆ ಒಳಬಂದಾಗ ಏನಾಗುತ್ತದೆಂದು ಆ ವರದಿಗೆ ಗೊತ್ತಿಲ್ಲ. ಪ್ರಿಂಟರ್ ಸಿಗುತ್ತದೆಯೇ, ಸಹಿ ಹಾಕುವ ಡಿಜಿಟಲ್ ಟೋಕನ್ ಓದುತ್ತದೆಯೇ, ಕ್ಯಾಷಿಯರ್‌ನ ಸ್ಕ್ಯಾನರ್ ಡ್ರೈವರ್ ಆ ಸೈಟಿನ ಇಮೇಜಿನಲ್ಲಿದೆಯೇ ಎಂಬುದನ್ನು ಟೆಸ್ಟ್ ಅಕೌಂಟ್ ಕೇಳುವುದೇ ಇಲ್ಲ. ಅದು ಏನನ್ನೂ ಪ್ರಿಂಟ್ ಮಾಡುವುದಿಲ್ಲ.

ಆದ್ದರಿಂದ ಮುಂದಿನ ಟೆಂಡರಿನಲ್ಲಿ ‘ಆ್ಯಕ್ಟಿವ್-ಆ್ಯಕ್ಟಿವ್’ ಎಂಬ ಸಾಲು ಹೊಡೆದುಹಾಕಿ, ಆ ಜಾಗದಲ್ಲಿ ಹೀಗೆ ಬರೆಯಲಿ: ಕೆಲಸದ ದಿನದಂದು, ಬೆಳಗ್ಗೆ 11ಕ್ಕೆ, ಎರಡು ಸೈಟುಗಳ ನಡುವಿನ ಎಲ್ಲ ಲಿಂಕುಗಳನ್ನೂ ಕಳಚಿ ಒಂದು ಗಂಟೆ ಹಾಗೆಯೇ ಬಿಡಲಾಗುವುದು. ಆ ಗಂಟೆಯಲ್ಲಿ ಎರಡೂ ಸೈಟಿನ ಬಳಕೆದಾರರು ತಮ್ಮ ತಮ್ಮ ಮನೆಯಲ್ಲಿ ಕೆಲಸ ಮುಂದುವರಿಸಬೇಕು. ಹೊಸದಾಗಿ ಲಾಗಿನ್ ಆಗುವವರಿಗೂ ಬಾಗಿಲು ತೆರೆಯಬೇಕು. ಮೊದಲ ಬಿಲ್ ಪಾಸಾಗುವುದು ಇದಾದ ಮೇಲೆ. ಇದನ್ನು ಓದಿದ ಮಾರಾಟಗಾರರಲ್ಲಿ ಎಷ್ಟು ಜನ ಪ್ರೀ-ಬಿಡ್ ಸಭೆಯಲ್ಲಿ ಆ ಸಾಲನ್ನು ಸಡಿಲಿಸಿ ಎಂದು ಕೇಳುತ್ತಾರೆ ಎಂದು ಎಣಿಸಿ. ಯಾರ ಗೆರೆಗೆ ಎಷ್ಟು ಬಾಣ ಉಳಿದಿದೆ ಎಂಬುದು ಆ ಸಭೆಯಲ್ಲೇ ಗೊತ್ತಾಗುತ್ತದೆ.